ತ್ರಿಸರಣ, ಪಂಚಶೀಲ ಬಾಯಿಪಾಠ ಆಯ್ತು, ಮಕ್ಕಳಿಗೆ ಮುಂದೇನು ಕಲಿಸೋದು?

ಚಂಪಕ

ನಮೋ ಬುದ್ಧಾಯ, ಜೈಭೀಮ್ ಎಲ್ಲರಿಗೂ. ಮನೆಯಲ್ಲಿ 5, 9, 14 ವರ್ಷದ ಮೂರು ಮಕ್ಕಳು, ಊರಲ್ಲಿ ವಿಹಾರ ಇಲ್ಲ. ತ್ರಿಸರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋಗುವ ಸಾಲುಗಳು), ಪಂಚಶೀಲ (ಕೊಲೆ, ಕಳವು, ತಪ್ಪು ಕಾಮ, ಸುಳ್ಳು, ಅಮಲು ಇವುಗಳಿಂದ ದೂರ ಇರುವ ಐದು ಸಂಕಲ್ಪ) ಮೂವರಿಗೂ ಬಾಯಿಗೆ ಬರುತ್ತದೆ. ಅರ್ಥ ಕೇಳಿದರೆ ದೊಡ್ಡವನಿಗೂ ಗೊತ್ತಿಲ್ಲ. ಬಾಯಿಪಾಠ ಆದಮೇಲೆ ಯಾವ ಕ್ರಮದಲ್ಲಿ ಮುಂದುವರಿಯಬೇಕು? ಮಗು ಸುಳ್ಳು ಹೇಳಿ ಸಿಕ್ಕಿಬಿದ್ದಾಗ "ಶೀಲ ಮುರಿದೆ ನೀನು" ಅನ್ನಬಹುದೇ? ಧ್ಯಾನಕ್ಕೆ ಎಷ್ಟನೇ ವಯಸ್ಸಿಗೆ ಕೂರಿಸುವುದು? "ಇದೆಲ್ಲ ಯಾಕೆ" ಎಂದು ಎದುರು ಕೇಳುವ 14ರ ಹುಡುಗನಿಗೆ ಏನು ಕೊಡಬೇಕು? ತಿಳಿದವರು ವಿವರವಾಗಿ ಬರೆಯಿರಿ, "ಪ್ರೀತಿಯಿಂದ ಹೇಳಿ" ಅನ್ನುವಷ್ಟಕ್ಕೇ ನಿಲ್ಲಿಸಬೇಡಿ.

ಪಾಲಿಪಾಠ

ಸುಳ್ಳಿನ ಪ್ರಶ್ನೆಯಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

"ಶೀಲ ಮುರಿದೆ" ಅನ್ನುವ ಮಾತು ಪಂಚಶೀಲದ ವಾಕ್ಯಕ್ಕೇ ಹೊಂದುವುದಿಲ್ಲ. "ಮುಸಾವಾದಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ" ಅನ್ನುವುದನ್ನು ಬಿಡಿಸಿ ನೋಡಿ. ಮುಸಾವಾದಾ ಅಂದರೆ ಸುಳ್ಳು ಮಾತಿನಿಂದ, ವೇರಮಣೀ ದೂರ ಇರುವುದು, ಸಿಕ್ಖಾಪದಂ ಕಲಿಕೆಯ ಹೆಜ್ಜೆ, ಸಮಾದಿಯಾಮಿ "ನಾನು ಕೈಗೊಳ್ಳುತ್ತೇನೆ". ಕೊನೆಯ ಕ್ರಿಯಾಪದದ ಕರ್ತೃ "ನಾನು". ಮಗುವಿನ ಬದಲು ಅಪ್ಪ ಅಮ್ಮ ಅದನ್ನು ಹೇಳಲಾರರು. ಇಲ್ಲಿ ಆಜ್ಞೆ ಕೊಡುವವರು ಯಾರೂ ಇಲ್ಲ, ಹಾಗಾಗಿ ಶಿಕ್ಷೆ ಕೊಡುವವರೂ ಇಲ್ಲ. ಕಲಿಯುವಾಗ ತಪ್ಪಿದರೆ ಮತ್ತೆ ಕೈಗೊಳ್ಳುವುದು. ಪ್ರತಿದಿನ ಹೇಳುವುದೇ ಅದಕ್ಕೆ.

ಮಕ್ಕಳಿಗೆ ಸತ್ಯದ ಪಾಠ ಹೇಗೆ ಎನ್ನುವುದಕ್ಕೆ ತಿಪಿಟಕದಲ್ಲೇ (ಪಾಲಿ ಭಾಷೆಯ ಬೌದ್ಧ ಗ್ರಂಥಗಳು) ಒಂದು ಪೂರ್ತಿ ಮಾದರಿ ಇದೆ: ಮಜ್ಝಿಮ ನಿಕಾಯದ 61ನೇ ಸುತ್ತ (ಉಪದೇಶ), ಅಂಬಲಟ್ಠಿಕ ರಾಹುಲೋವಾದ. ಅಟ್ಠಕಥೆಯ (ಹಳೆಯ ವ್ಯಾಖ್ಯಾನ) ಪ್ರಕಾರ ಆಗ ಬುದ್ಧನ ಮಗ ರಾಹುಲನಿಗೆ 7 ವರ್ಷ. ಬುದ್ಧ ಸಂಜೆ ಬರುತ್ತಾನೆ, ಹುಡುಗ ಆಸನ ಹಾಕಿ ಕಾಲಿಗೆ ನೀರು ತಂದಿಡುತ್ತಾನೆ. ಕಾಲು ತೊಳೆದು ಪಾತ್ರೆಯಲ್ಲಿ ಒಂದಿಷ್ಟು ನೀರು ಉಳಿಸಿ, "ರಾಹುಲ, ಈ ಚೂರು ನೀರು ಕಾಣುತ್ತಿದೆಯಾ? ಬೇಕೆಂದೇ ಸುಳ್ಳು ಹೇಳಿ ನಾಚದವನ ಶ್ರಮಣತನ (ಸನ್ಯಾಸ) ಇಷ್ಟೇ" ಅನ್ನುತ್ತಾನೆ. ಆಮೇಲೆ ಆ ನೀರು ಚೆಲ್ಲುತ್ತಾನೆ, ಪಾತ್ರೆ ಮಗುಚುತ್ತಾನೆ, ಮತ್ತೆ ನೆಟ್ಟಗೆ ಮಾಡಿ ಬರಿದಾದ ಒಳಭಾಗ ತೋರಿಸುತ್ತಾನೆ. ನಾಲ್ಕು ಸಲ ತೋರಿಸುವುದು, ನಾಲ್ಕು ಸಲ ಕೇಳುವುದು. ಮನೆಯಲ್ಲಿ ಒಂದು ತಂಬಿಗೆ ಸಾಕು. ಒಂದು ಎಚ್ಚರಿಕೆ: ಮಗು ಸುಳ್ಳು ಹೇಳಿದ ಹೊತ್ತಿಗೇ ಇದನ್ನು ಮಾಡಬೇಡಿ. ಆಗ ಅದು ಪಾಠವಾಗುವುದಿಲ್ಲ, ಎಲ್ಲರೆದುರು ಮಾಡಿದ ಅವಮಾನವಾಗುತ್ತದೆ. ಯಾರ ತಪ್ಪೂ ಇಲ್ಲದ ಒಂದು ಸಂಜೆ ಮಾಡಿ.

ಸುತ್ತದ ಎರಡನೇ ಭಾಗ ಇನ್ನೂ ಮುಖ್ಯ, ಅದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. "ಕನ್ನಡಿ ಯಾಕಿದೆ?" ಎಂದು ಬುದ್ಧ ಕೇಳುತ್ತಾನೆ. "ನೋಡಿಕೊಳ್ಳೋದಕ್ಕೆ" ಅನ್ನುತ್ತಾನೆ ಹುಡುಗ. ಹಾಗೇ ಪ್ರತಿಯೊಂದು ಕೆಲಸವನ್ನೂ, ಮಾತನ್ನೂ, ಯೋಚನೆಯನ್ನೂ ಮೂರು ಹೊತ್ತು ನೋಡಿಕೊಳ್ಳಬೇಕು: ಮಾಡುವ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ. ನೋಡುವಾಗ ಕೇಳಿಕೊಳ್ಳುವುದೂ ಮೂರು: ಇದರಿಂದ ನನಗೆ ನೋವಾಗುತ್ತಾ, ಬೇರೆಯವರಿಗೆ ನೋವಾಗುತ್ತಾ, ಇಬ್ಬರಿಗೂ ಆಗುತ್ತಾ. ನೋವಾಗಿದ್ದರೆ ಗುರುವಿಗೋ ತಿಳಿದವರಿಗೋ ಬಿಚ್ಚಿ ಹೇಳಿ, ಮುಂದೆ ಜಾಗ್ರತೆ ವಹಿಸುವುದು. ನೋವಾಗಿಲ್ಲದಿದ್ದರೆ? ಅದೇ ಸಂತೋಷದಲ್ಲಿ ಇರು ಎನ್ನುತ್ತದೆ ಸುತ್ತ. ತಂದೆತಾಯಿ ಎಡವುವುದು ಇಲ್ಲೇ. ತಪ್ಪಾದಾಗ ಮಾತ್ರ "ಯೋಚನೆ ಮಾಡಿದ್ಯಾ?" ಅಂತ ಕೇಳುತ್ತಾರೆ. ಒಂದು ವಾರ ಹಾಗೆ ಕೇಳಿದರೆ, ಯೋಚನೆ ಅನ್ನುವ ಪದ ಕೇಳಿದ ಕೂಡಲೇ ಮಗುವಿಗೆ ಬೈಗುಳ ನೆನಪಾಗುತ್ತದೆ. ತಮ್ಮನಿಗೆ ಚೆಂಡು ಕೊಟ್ಟಾಗಲೂ ಅದೇ ಪ್ರಶ್ನೆ, ಅದೇ ದನಿಯಲ್ಲಿ ಕೇಳಿ: "ಕೊಟ್ಟಮೇಲೆ ನಿನಗೆ ಹೇಗನ್ನಿಸ್ತು? ಅವನಿಗೆ?"

ಬಿಚ್ಚಿ ಹೇಳಿದ ಮಗುವಿಗೆ ಅದೇ ಹೊತ್ತಿಗೆ ಏಟು ಬಿದ್ದರೆ ಇಡೀ ಪಾಠ ತಲೆಕೆಳಗು. ಹೇಳಿದ್ದಕ್ಕೆ ಪೆಟ್ಟು, ಮುಚ್ಚಿಟ್ಟದ್ದಕ್ಕೆ ಏನೂ ಇಲ್ಲ ಅಂತ ಮಗು ಸರಿಯಾಗೇ ಲೆಕ್ಕ ಹಾಕುತ್ತದೆ.

ಭೀಮಾತೀರ

ಜೈಭೀಮ್ ರೀ. ಪಾಲಿಪಾಠ ಅವರು ಹೇಳಿದ್ದು ಖರೆ. ವಂದನಾ ಬಗ್ಗೆ ನಾ ಹೇಳ್ತೀನಿ.

ಮುಂಜಾನೆ ಸಾಲಿ ಗಡಿಬಿಡಿಯೊಳಗ ಇಡಬ್ಯಾಡ್ರಿ. ಸಂಜೀಮುಂದ, ಊಟಕ್ಕ ಮೊದಲ, ದಿನಾ ಒಂದೇ ಹೊತ್ತಿಗೆ. ಎಲ್ಲಾ ಸೇರಿ 12 ನಿಮಿಷ ದಾಟಬಾರದು. "ನಮೋ ತಸ್ಸ" ಮೂರು ಸಲ, ತ್ರಿಸರಣ, ಪಂಚಶೀಲ, ಹೂವಿನ ಗಾಥಾ, 3 ನಿಮಿಷ ಸುಮ್ಮನ ಕೂಡೂದು, ಕಡೀಕ "ಸಬ್ಬೇ ಸತ್ತಾ ಭವಂತು ಸುಖಿತತ್ತಾ". ಇಷ್ಟ ಸಾಕು. ಬುದ್ಧ ಪೂರ್ಣಿಮಾ, ಅಕ್ಟೋಬರ್ 14 (ಬಾಬಾಸಾಹೇಬ್ರು ಬೌದ್ಧರಾದ ದಿನ), ಡಿಸೆಂಬರ್ 6 (ಅವರು ತೀರಿಕೊಂಡ ದಿನ) ಬಂತಂದ್ರ ಉದ್ದಂದು ಹೇಳ್ರಿ, ದಿನಾ ಬ್ಯಾಡ. ಮೊದಲ್ನೇ ವಾರ ಹುಮ್ಮಸ್ಸಿನ್ಯಾಗ ಅರ್ಧಾ ತಾಸು ಮಾಡಿ ಮೂರನೇ ವಾರ ಬಿಡೂ ಮನಿ ಭಾಳ ಅವ.

ಉಚ್ಚಾರದಾಗ ಏನೇನ ತಪ್ಪತದ ಅಂದ್ರ: ಪಾಲಿಯೊಳಗ ಶ, ಷ ಇಲ್ಲ. "ಶರಣಂ" ಅಲ್ಲ, "ಸರಣಂ". "ಧರ್ಮಂ" ಅಲ್ಲ, "ಧಮ್ಮಂ". ನಮ್ಮ ಮಕ್ಕಳು ಮಹಾಪ್ರಾಣ ನುಂಗ್ತಾವ: "ಬುದ್ದಂ ಸರಣಂ ಗಚ್ಚಾಮಿ" ಅಂತಾವ. ಅಂಗೈ ಬಾಯಿ ಮುಂದ ಹಿಡದು "ಧ", "ಛ" ಅನ್ನಸ್ರಿ. ಗಾಳಿ ಕೈಗೆ ಬಡದ್ರ ಸರಿ ಅದ. "ವೇರಮಣೀಸಿಕ್ಖಾಪದಂ" ಒಂದೇ ಉಸುರಿಗೆ ಉರುಳಸಾಕ ಬಿಡಬ್ಯಾಡ್ರಿ. ನಾಕು ತುಂಡು ಮಾಡಿ, ಒಂದೊಂದು ತುಂಡಿಗೆ ಒಂದೊಂದು ಚಪ್ಪಾಳಿ ಹೊಡಸ್ರಿ.

ಹೂವಿನ ಗಾಥಾ ಮಾತ್ರ ಅರ್ಥಾ ಹೇಳಲಾರ್ದ ಹೇಳಸಬ್ಯಾಡ್ರಿ. "ಪುಪ್ಫಂ ಮಿಲಾಯಾತಿ ಯಥಾ ಇದಂ ಮೇ, ಕಾಯೋ ತಥಾ ಯಾತಿ ವಿನಾಸಭಾವಂ": ಈ ಹೂ ಹೆಂಗ ಬಾಡ್ತದೋ, ಈ ದೇಹನೂ ಹಂಗ ಹೋಗ್ತದ. ಆದ್ರ ನಾವೇನ ಮಾಡ್ತೀವಿ? ನಿನ್ನಿ ಹೂ ಮಕ್ಕಳು ಏಳೂಕಿಂತ ಮೊದಲ ತಗದು ಒಗೀತೀವಿ. ಹಂಗ ಮಾಡಬ್ಯಾಡ್ರಿ. ಒಂದು ಸೇವಂತಗಿ, ಒಂದು ದಾಸವಾಳ ಇಡ್ರಿ. ದಾಸವಾಳ ಸಂಜೀಕ ಮುದುಡಿ ಬೀಳ್ತದ, ಸೇವಂತಗಿ ಮೂರು ದಿನ ತಡೀತದ, ಆಮ್ಯಾಲ ಅಂಚಿನಿಂದ ಕಂದು ಆಗ್ತದ. ಮಗಾ ದಿನಾ ಮುಟ್ಟಿ ನೋಡ್ಲಿ, ಕಡೀಕ ತಾನೇ ಒಯ್ದು ಗಿಡದ ಬುಡಕ್ಕ ಹಾಕ್ಲಿ. ಅನಿಚ್ಚ, ಅಂದ್ರ ಯಾವುದೂ ಕಾಯಂ ಇರಂಗಿಲ್ಲ ಅನ್ನೂದನ್ನ ಬ್ಯಾರೆ ಹೇಳೂದು ಬೇಕಾಗಂಗಿಲ್ಲ.

ಇನ್ನೊಂದು. 5 ವರ್ಷದ ಕೂಸಿನ ಕೈಗೆ ಮೇಣದಬತ್ತಿ ಕೊಡಬ್ಯಾಡ್ರಿ, ಹೂ ಕೊಡ್ರಿ. ಮಾಡಾಕ ತನ್ನದಂತ ಒಂದು ಕೆಲಸ ಇದ್ರ ಕೂಸು ತಾನಾಗೇ ಬಂದು ಕೂಡ್ತದ.

ಉಸಿರು

ಧ್ಯಾನದ ಬಗ್ಗೆ. ವಿಪಶ್ಯನಾ ಕೇಂದ್ರಗಳು ಮಕ್ಕಳಿಗೆಂದು ನಡೆಸುವ ಆನಾಪಾನ (ಉಸಿರು ಗಮನಿಸುವ ಧ್ಯಾನ) ಶಿಬಿರಗಳಿಗೆ ಸಾಮಾನ್ಯವಾಗಿ 8 ವರ್ಷ ದಾಟಿದವರನ್ನು ಸೇರಿಸಿಕೊಳ್ಳುತ್ತಾರೆ, ಶುಲ್ಕ ಇಲ್ಲ. ನಿಮ್ಮ 9 ವರ್ಷದ ಮಗುವಿಗೆ ಅದು ಒಳ್ಳೆಯ ಆರಂಭ. 5 ವರ್ಷದ್ದಕ್ಕೆ ಕಣ್ಣು ಮುಚ್ಚಿಸಿ ಕೂರಿಸುವ ಅಗತ್ಯವೇ ಇಲ್ಲ.

ಚಿಕ್ಕವರಿಗೆ: ಬೆನ್ನ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಒಂದು ಹಗುರ ಆಟಿಕೆ ಇಡಿ. ಉಸಿರು ಒಳಗೆ ಹೋದಾಗ ಅದು ಏಳುತ್ತದೆ, ಹೊರಗೆ ಬಂದಾಗ ಇಳಿಯುತ್ತದೆ. 2 ನಿಮಿಷ, ಅಷ್ಟೇ. ಇನ್ನೊಂದು, ಗಂಟೆಯದು. ಕಂಚಿನ ಗಂಟೆಯೋ ಬಟ್ಟಲೋ ಒಮ್ಮೆ ಬಾರಿಸಿ, ನಾದ ಪೂರ್ತಿ ನಿಂತಾಗ ಕೈ ಎತ್ತಲು ಹೇಳಿ. ಯಾರು ಮೊದಲು ಎತ್ತಿದರು ಅನ್ನುವ ಪೈಪೋಟಿ ಮಾತ್ರ ಬೇಡ.

9ಕ್ಕೆ: ಬೆನ್ನು ನೇರ, ಕಾಲು ಹೇಗಿದ್ದರೂ ಸರಿ. ಮೂಗಿನ ಹೊಳ್ಳೆಯ ಬಳಿ ಉಸಿರು ತಾಕುವ ಜಾಗ ಗಮನಿಸುವುದು. 5 ನಿಮಿಷದಿಂದ ಶುರು, ತಿಂಗಳಿಗೆ 1 ನಿಮಿಷ ಏರಿಸಿ 10ಕ್ಕೆ ನಿಲ್ಲಿಸಿ. ಆನಾಪಾನ ಶಿಬಿರದಲ್ಲಿ ಎಣಿಕೆ ಕಲಿಸುವುದಿಲ್ಲ, ಬರೀ ಸಹಜ ಉಸಿರು. ಆದರೆ ವಿಸುದ್ಧಿಮಗ್ಗ ಎಂಬ ಹಳೆಯ ಧ್ಯಾನ ಗ್ರಂಥದಲ್ಲಿ ಹೊಸಬರಿಗೆ ಎಣಿಕೆಯ ಕ್ರಮ ಇದೆ: 5ಕ್ಕಿಂತ ಮೊದಲು ನಿಲ್ಲಿಸಬಾರದು, 10 ದಾಟಬಾರದು. ಐದರೊಳಗೆ ನಿಲ್ಲಿಸಿದರೆ ಮನಸ್ಸಿಗೆ ಜಾಗ ಸಾಲದು, ಹತ್ತು ದಾಟಿದರೆ ಮನಸ್ಸು ಉಸಿರು ಬಿಟ್ಟು ಲೆಕ್ಕಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ಕೊಡುವ ಹೋಲಿಕೆ ನಮ್ಮ ಕಣದ ರಾಶಿ ನೋಡಿದವರಿಗೆ ತಟ್ಟನೆ ಹೊಳೆಯುತ್ತದೆ: ಧಾನ್ಯ ಅಳೆಯುವವನು ಅಳತೆ ತುಂಬಿ ಸುರಿಯುವವರೆಗೂ "ಒಂದು, ಒಂದು" ಅನ್ನುತ್ತಿರುತ್ತಾನೆ, ಮುಂದಿನದಕ್ಕೆ "ಎರಡು, ಎರಡು". ಹಾಗೆ ನಿಧಾನಕ್ಕೆ. ಎರಡು ಪದ್ಧತಿ ಕಲಸಬೇಡಿ. ಶಿಬಿರಕ್ಕೆ ಕಳಿಸುವುದಾದರೆ ಮನೆಯಲ್ಲೂ ಎಣಿಕೆ ಬಿಡಿ.

ಎಲ್ಲಿ ಕೆಡುತ್ತದೆ: ಊಟ ಆದ ಕೂಡಲೇ ಕೂರಿಸಿದರೆ ನಿದ್ದೆ. "ಉಸಿರು ನೋಡು" ಅಂದರೆ ಕೆಲವು ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ, ಜೋರಾಗಿ ಎಳೆಯುತ್ತಾರೆ. ಭುಜ ಮೇಲೆ ಏರಿದ್ದು ಕಂಡರೆ ಅದೇ ಗುರುತು. ಆಗ ಗಮನವನ್ನು ಅಂಗಾಲಿಗೆ ತನ್ನಿ, ಹತ್ತು ಹೆಜ್ಜೆ ನಿಧಾನ ನಡಿಗೆ ಮಾಡಿಸಿ. ಉಬ್ಬಸ ಇರುವ ಮಕ್ಕಳಿಗೆ ಮೊದಲಿಂದಲೂ ನಡಿಗೆಯೇ ಒಳ್ಳೆಯದು. ಗಲಾಟೆ ಮಾಡಿದ್ದಕ್ಕೆ "ಹೋಗಿ ಧ್ಯಾನಕ್ಕೆ ಕೂತ್ಕೋ" ಅನ್ನುವುದನ್ನು ಒಂದೇ ಒಂದು ಸಲವೂ ಮಾಡಬೇಡಿ. ಧ್ಯಾನ ಶಿಕ್ಷೆಯಾದ ಮನೆಯಲ್ಲಿ ಅದನ್ನು ಮತ್ತೆ ಇಷ್ಟಪಡಿಸುವುದು ಬಲು ಕಷ್ಟ.

ಮೆತ್ತಾ (ಮೈತ್ರಿ) ಭಾವನೆಗೂ ಕ್ರಮ ಇದೆ. ಮೊದಲು ತನಗೆ, ಆಮೇಲೆ ಪ್ರೀತಿಯವರಿಗೆ, ಆಮೇಲೆ ಪರಿಚಯ ಮಾತ್ರ ಇರುವವರಿಗೆ (ಹಾಲು ಹಾಕುವವರು, ಬಸ್ಸಿನ ಕಂಡಕ್ಟರ್), ಕೊನೆಗೆ ಜಗಳ ಆದವರಿಗೆ. "ನಿನ್ನ ಹೊಡೆದ ಹುಡುಗನಿಗೆ ಮೆತ್ತಾ ಕಳಿಸು" ಅಂತ ಅವತ್ತೇ ಹೇಳುವವರಿದ್ದಾರೆ. ವಿಸುದ್ಧಿಮಗ್ಗವೇ ಶತ್ರುವಿನಿಂದ ಶುರು ಮಾಡಬೇಡ ಅನ್ನುತ್ತದೆ, ಅವನನ್ನು ನೆನೆದರೆ ಕೋಪ ಹುಟ್ಟುತ್ತದೆ ಅಂತ.

ಶಾಲೆಮೇಷ್ಟ್ರು

ಎರಡು ಕಡೆ ಮನೆಮಂದಿ ತಡವರಿಸುತ್ತಾರೆ, ಅವುಗಳ ಬಗ್ಗೆ ಬರೆಯುತ್ತೇನೆ.

ಒಂದು, ಮೂರನೇ ಶೀಲ. "ಕಾಮೇಸು ಮಿಚ್ಛಾಚಾರಾ" ಬಂದಾಗ ಅರ್ಥ ಹೇಳದೆ ಹಾರಿಸುತ್ತಾರೆ. ಮಕ್ಕಳ ಮಟ್ಟಕ್ಕೆ ಅದನ್ನು ಮೈಯ ಗಡಿ ಎಂದು ಹೇಳಬಹುದು: ಇನ್ನೊಬ್ಬರ ಮೈಯನ್ನು ಅವರಿಗೆ ಇಷ್ಟವಿಲ್ಲದೆ ಮುಟ್ಟಬಾರದು, ನಿನ್ನ ಮೈಯನ್ನು ನಿನಗೆ ಇಷ್ಟವಿಲ್ಲದೆ ಯಾರೂ ಮುಟ್ಟಬಾರದು, ಮುಟ್ಟಿ "ಯಾರಿಗೂ ಹೇಳ್ಬೇಡ" ಅಂದರೆ ಅವತ್ತೇ ಬಂದು ಹೇಳಬೇಕು. ಅದನ್ನು ಮಾಡಿದವರು ನೆಂಟರಿರಲಿ, ಗುರುಗಳಿರಲಿ, ಚೀವರ (ಭಿಕ್ಷುವಿನ ಬಟ್ಟೆ) ತೊಟ್ಟವರಿರಲಿ. ಮನೆಯಲ್ಲಿ ಹೇಳಲಾಗದಿದ್ದರೆ 1098 ಮಕ್ಕಳ ಸಹಾಯವಾಣಿ ಎಂಬುದನ್ನೂ ಬಾಯಿಪಾಠ ಮಾಡಿಸಿ, ತ್ರಿಸರಣದಷ್ಟೇ ಗಟ್ಟಿಯಾಗಿ.

ಎರಡು, ಕರ್ಮ. ಮಗು ಕಾಯಿಲೆ ಬಿದ್ದಾಗ, ಅಂಗವಿಕಲ ಮಗುವನ್ನು ಕಂಡಾಗ "ಹಿಂದಿನ ಜನ್ಮದ ಕರ್ಮ" ಅನ್ನುವುದು ಬಾಯಿಗೆ ಬಂದುಬಿಡುತ್ತದೆ. ಎಲ್ಲಕ್ಕೂ ಅದೇ ಕಾರಣ ಅನ್ನುವುದು ಬುದ್ಧವಚನ ಅಲ್ಲ. ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ ನೋವು ನಲಿವುಗಳಿಗೆ 8 ಕಾರಣ ಹೇಳಿದ್ದಾನೆ: ಪಿತ್ತ, ಕಫ, ವಾತ, ಮೂರೂ ಕೂಡಿದ್ದು, ಋತು ಬದಲಾವಣೆ, ಏರುಪೇರಾದ ನಡೆವಳಿಕೆ, ಹೊರಗಿನ ಪೆಟ್ಟು, ಕರ್ಮವಿಪಾಕ. ಎಂಟರಲ್ಲಿ ಕರ್ಮ ಒಂದು. ಎಲ್ಲವೂ ಹಿಂದೆ ಮಾಡಿದ್ದರಿಂದಲೇ ಅನ್ನುವವರು ಕಂಡದ್ದನ್ನೂ ಮೀರಿ ಹೋಗುತ್ತಾರೆ ಎಂದು ಅಲ್ಲೇ ಹೇಳಿದೆ. ಬಾಬಾಸಾಹೇಬರು ಜಾತಿಯನ್ನೂ ಬಡತನವನ್ನೂ ಹಿಂದಿನ ಜನ್ಮದ ಲೆಕ್ಕಕ್ಕೆ ಹಾಕುವುದನ್ನು ಒಪ್ಪಲಿಲ್ಲ. ನಮ್ಮ ಮಕ್ಕಳ ಕಿವಿಗೆ ಆ ಮಾತು ಮನೆಯಲ್ಲೇ ಬಿದ್ದರೆ ಹೊರಗಿನವರ ಮಾತಿಗೆ ಅವರು ಏನು ಉತ್ತರ ಕೊಡಬೇಕು? ಬದಲಿಗೆ ವಸಲ ಸುತ್ತದ ಸಾಲು ಕಲಿಸಿ: "ನ ಜಚ್ಚಾ ವಸಲೋ ಹೋತಿ, ನ ಜಚ್ಚಾ ಹೋತಿ ಬ್ರಾಹ್ಮಣೋ". ಹುಟ್ಟಿನಿಂದ ಯಾರೂ ಕೀಳಲ್ಲ, ಹುಟ್ಟಿನಿಂದ ಯಾರೂ ಬ್ರಾಹ್ಮಣನಲ್ಲ. 9 ವರ್ಷಕ್ಕೆ ಅರ್ಥವಾಗುವ ಸಾಲು.

ಜಾತಕ ಕತೆಗಳ (ಬುದ್ಧನ ಹಿಂದಿನ ಜನ್ಮಗಳ ಕತೆಗಳು) ಬಗ್ಗೆ ಯಾರೂ ಹೇಳಿಲ್ಲ. 547 ಇವೆ, ಎಲ್ಲವೂ ಮಕ್ಕಳ ಕತೆಗಳಲ್ಲ. 5 ವರ್ಷಕ್ಕೆ ಬಲೆ ಸಮೇತ ಹಾರಿದ ಹಕ್ಕಿಗಳದು (33ನೇ ಜಾತಕ), ಬಾಯಿ ತೆರೆದು ಬಿದ್ದ ಆಮೆಯದು (215). 9ಕ್ಕೆ ನಂದಿವಿಸಾಲ (28). ತಕ್ಷಶಿಲೆಯ ಎತ್ತು, 100 ಬಂಡಿ ಎಳೆಯುತ್ತೇನೆಂದು ಯಜಮಾನನಿಗೆ 1000ದ ಪಣ ಕಟ್ಟಲು ಹೇಳುತ್ತದೆ. ಅವನು ನೊಗಕ್ಕೆ ಕಟ್ಟಿ "ಎಳೆಯೋ ಕಳ್ಳ" ಎಂದು ಗದರುತ್ತಾನೆ. ಎತ್ತು ನಾಲ್ಕು ಕಾಲೂ ಕಂಬದ ಹಾಗೆ ಊರಿ ನಿಂತುಬಿಡುತ್ತದೆ. ಮುಂದೆ 2000 ಪಣ ಕಟ್ಟಿ, ಬೆನ್ನು ಸವರಿ ಒಳ್ಳೆಯ ಮಾತಾಡಿದಾಗ ನೂರೂ ಬಂಡಿ ಮುಂದಕ್ಕೆ ಬರುತ್ತವೆ. ಕತೆ ಮುಗಿಸಿ ನೀತಿ ಹೇಳಬೇಡಿ. "ಎತ್ತು ಯಾಕೆ ನಿಂತ್ಕೊಂಡ್ತು?" ಅಷ್ಟು ಕೇಳಿ, ಸುಮ್ಮನಾಗಿ.

ವೆಸ್ಸಂತರ ಜಾತಕ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ತಂದೆ ತನ್ನ ಮಕ್ಕಳನ್ನೇ ದಾನ ಕೊಡುತ್ತಾನೆ, ಅವು ಅಳುತ್ತಾ ಕೊಳದಲ್ಲಿ ಅಡಗುತ್ತವೆ. ಕೇಳುವ ಮಗು ತನ್ನನ್ನು ಆ ಮಕ್ಕಳ ಜಾಗದಲ್ಲೇ ಇಟ್ಟುಕೊಳ್ಳುತ್ತದೆ.

ಭೀಮಾತೀರ

ಮೇಷ್ಟ್ರೇ, ವೆಸ್ಸಂತರದ ಬಗ್ಗೆ ಒಪ್ಪಿದೆ. ಆದ್ರ ಮೊಲದ ಜಾತಕಾನೂ (316) ಬೆಂಕ್ಯಾಗ ಜಿಗಿಯೂದು ಅದ. ಅದನ್ನ ಎಲ್ಲಾ ಕಡೆ ಸಣ್ಣ ಮಕ್ಕಳಿಗೇ ಹೇಳ್ತಾರಲ್ಲ?

ಶಾಲೆಮೇಷ್ಟ್ರು

ಅಲ್ಲಿ ಬೆಂಕಿ ಸುಡುವುದಿಲ್ಲ, ಹಿಮದ ಹಾಗೆ ತಣ್ಣಗಿರುತ್ತದೆ. ಸಕ್ಕ (ಇಂದ್ರ) ಬಂದು ಚಂದ್ರನಲ್ಲಿ ಮೊಲದ ಚಿತ್ರ ಬರೆಯುತ್ತಾನೆ. ಹೆದರಿಕೆ ಉಳಿಯುವುದಿಲ್ಲ. ಆದರೂ 7 ವರ್ಷಕ್ಕಿಂತ ಕೆಳಗೆ ಹೇಳುವಾಗ ಮೊಲದ ದಾನಕ್ಕಿಂತ ಚಂದ್ರನ ಮೇಲೆ ಒತ್ತು ಕೊಡಿ. ದೇಹ ಕೊಡುವುದೇ ದೊಡ್ಡ ಒಳ್ಳೆಯತನ ಅನ್ನುವ ಭಾವ ಮಗುವಿಗೆ ಬರಬಾರದು.

ಬೈಲಕುಪ್ಪೆ ದಾರಿ

14ರ ಹುಡುಗನ "ಇದೆಲ್ಲ ಯಾಕೆ" ಅನ್ನುವ ಪ್ರಶ್ನೆಯನ್ನು ಅಡ್ಡಿ ಎಂದುಕೊಳ್ಳಬೇಡಿ. ಟಿಬೆಟಿಯನ್ ಪರಂಪರೆಯಲ್ಲಿ ಅದೇ ಪಠ್ಯ. ಬೈಲಕುಪ್ಪೆಯ ಸೆರಾದಲ್ಲಿ, ಮುಂಡಗೋಡಿನ ದ್ರೆಪುಂಗ್, ಗಾಂದೆನ್‌ಗಳಲ್ಲಿ ಅಂಗಳದಲ್ಲಿ ಚಪ್ಪಾಳೆ ತಟ್ಟಿ ನಡೆಯುವ ವಾದ ನೋಡಿದ್ದರೆ ಗೊತ್ತಿರುತ್ತದೆ. ಆ ವಾದದ ಮೊದಲ ಪಾಠ ಶೂನ್ಯತೆಯದಲ್ಲ, ಬಣ್ಣದ್ದು. ಮನೆಯಲ್ಲೂ ಮಾಡಬಹುದು.

ಒಬ್ಬರು ನಿಂತು ಕೇಳುವವರು, ಒಬ್ಬರು ಕೂತು ಉತ್ತರಿಸುವವರು. ಕೇಳುವವರು ಪ್ರಶ್ನೆಯ ಕೊನೆಗೆ ಎಡಗಾಲು ಊರಿ, ಬಲಗೈಯಿಂದ ಎಡ ಅಂಗೈಗೆ ತಟ್ಟುತ್ತಾರೆ. ಕೂತವರಿಗೆ ಇರುವುದು ನಾಲ್ಕೇ ಉತ್ತರ: "ಒಪ್ಪಿದೆ", "ಯಾಕೆ?", "ಕಾರಣ ಸಿದ್ಧವಾಗಿಲ್ಲ", "ವ್ಯಾಪ್ತಿ ಇಲ್ಲ". ಕೊನೆಯ ಎರಡರ ವ್ಯತ್ಯಾಸ ಹಿಡಿದರೆ ಅರ್ಧ ಕಲಿತ ಹಾಗೆ. ಉದಾಹರಣೆಗೆ, "ಈ ಮಾವು ಹಣ್ಣಾಗಿದೆ, ಯಾಕೆಂದರೆ ಹಳದಿ ಇದೆ." ಮಾವು ಹಳದಿ ಇಲ್ಲವೇ ಇಲ್ಲ, ಹಸಿರಿದೆ ಎಂದಾದರೆ "ಕಾರಣ ಸಿದ್ಧವಾಗಿಲ್ಲ". ಹಳದಿಯೇನೋ ಇದೆ, ಆದರೆ ಹಳದಿಯಾದದ್ದೆಲ್ಲ ಹಣ್ಣಾಗಿರಬೇಕಿಲ್ಲ ಎಂದಾದರೆ "ವ್ಯಾಪ್ತಿ ಇಲ್ಲ". ಒಂದು ವಾರ ಬಣ್ಣ, ಹಣ್ಣು, ಪ್ರಾಣಿಗಳಲ್ಲೇ ಆಡಿ. "ಕೆಂಪಾದದ್ದೆಲ್ಲ ಬಣ್ಣವೇ? ಬಣ್ಣವೆಲ್ಲ ಕೆಂಪೇ?" ಎರಡನೇ ವಾರ ಶಾಲೆಯಲ್ಲಿ ಕೇಳಿಬರುವ ಮಾತುಗಳನ್ನು ತನ್ನಿ: "ಅವನು ಒಳ್ಳೆಯವನು, ಯಾಕೆಂದರೆ ಮಾರ್ಕ್ಸ್ ಜಾಸ್ತಿ ತೆಗೀತಾನೆ."

ಒಂದೇ ಕಟ್ಟುನಿಟ್ಟು: ಪಾತ್ರ ಅದಲು ಬದಲಾಗಬೇಕು. ಅಪ್ಪ ಕೂತು ಮಗ ನಿಂತು ಕೇಳುವ ಸರದಿ ಬರಲೇಬೇಕು, ಅಪ್ಪ ಸೋತರೆ ಸೋತೆ ಎನ್ನಬೇಕು. ಅದಿಲ್ಲದಿದ್ದರೆ ಇದು ವಾದದ ವೇಷ ಹಾಕಿದ ಉಪದೇಶ, ಹುಡುಗನಿಗೆ ಎರಡು ನಿಮಿಷದಲ್ಲಿ ತಿಳಿದುಹೋಗುತ್ತದೆ.

ಪಾಲಿಪಾಠ

ಬಹಳ ಚೆನ್ನಾಗಿದೆ. ಅದರ ಜೊತೆಗೆ ಕಾಲಾಮ ಸುತ್ತ ಓದಿಸಿ, ಆದರೆ ಪೂರ್ತಿ ಓದಿಸಿ. "ಪರಂಪರೆ ಎಂದು ನಂಬಬೇಡ, ಗ್ರಂಥದಲ್ಲಿದೆ ಎಂದು ನಂಬಬೇಡ" ಅನ್ನುವ 10 ಅಂಶಗಳಿಗೇ ಎಲ್ಲರೂ ನಿಲ್ಲುತ್ತಾರೆ. "ತರ್ಕಕ್ಕೆ ಹೊಂದುತ್ತದೆ ಎಂದೂ ನಂಬಬೇಡ" ಅನ್ನುವುದೂ ಅದೇ ಹತ್ತರೊಳಗಿದೆ. ಆಮೇಲೆ ಬುದ್ಧ ಅಳತೆಗೋಲು ಕೊಡುತ್ತಾನೆ: ಇದು ಒಳ್ಳೆಯದು, ತಿಳಿದವರು ಮೆಚ್ಚುವಂಥದ್ದು, ಮಾಡಿದರೆ ಹಿತವಾಗುತ್ತದೆ ಎಂದು ನೀವೇ ಕಂಡುಕೊಂಡಾಗ ಅದರಂತೆ ನಡೆಯಿರಿ. ರಾಹುಲನ ಕನ್ನಡಿಗೂ ಇದಕ್ಕೂ ಇರುವ ನೆಂಟಸ್ತಿಕೆ ನೋಡಿ. 7 ವರ್ಷದವನಿಗೆ ಕೊಟ್ಟ ಪ್ರಶ್ನೆಯನ್ನೇ ದೊಡ್ಡವರಿಗೂ ಕೊಟ್ಟಿದ್ದಾನೆ.

ಸನ್ನತಿ

ರಾಹುಲೋವಾದದ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಅಶೋಕ ತನ್ನ ಬೈರಾಟ್ ಶಾಸನದಲ್ಲಿ ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕು ಎಂದು 7 ಪಾಠಗಳ ಹೆಸರು ಹೇಳಿದ್ದಾನೆ. ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಉಪದೇಶ ಅದರಲ್ಲೊಂದು.

ನಮ್ಮ ನೆಲದ ಶಾಸನವನ್ನೂ ಮಕ್ಕಳಿಗೆ ತೋರಿಸಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಬ್ರಹ್ಮಗಿರಿಯಲ್ಲಿ ಇರುವ ಮಾತು: ತಾಯಿತಂದೆಯ ಸೇವೆ ಮಾಡಬೇಕು, ಜೀವಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಹೋಗುವ ಮುಂಚೆ "ಸಚಂ ವತವಿಯಂ" (ಸತ್ಯ ನುಡಿಯಬೇಕು) ಅನ್ನುವಷ್ಟಕ್ಕೆ ಬೇಕಾದ ಬ್ರಾಹ್ಮಿ ಅಕ್ಷರಗಳನ್ನು ಮನೆಯಲ್ಲಿ ಬರೆಸಿ: ಸ, ಚ, ವ, ತ, ಯ. ಐದು ಅಕ್ಷರ, ಜೊತೆಗೆ ಇಕಾರ, ಅನುಸ್ವಾರ. 9 ವರ್ಷದವರಿಗೆ ಒಂದು ಸಂಜೆ ಸಾಕು.

ಕಲಬುರಗಿ ಕಡೆಯವರು ಸನ್ನತಿ ಪಕ್ಕದ ಕನಗನಹಳ್ಳಿಗೆ ಹೋಗಿ. ಅಲ್ಲಿನ ಹಲವು ಕೆತ್ತನೆಗಳಲ್ಲಿ ಬುದ್ಧನ ಆಕೃತಿಯೇ ಇಲ್ಲ. ಬೋಧಿವೃಕ್ಷ, ಬರಿದಾದ ಪೀಠ, ಪಾದದ ಗುರುತು, ಚಕ್ರ. "ಇಲ್ಲಿ ಬುದ್ಧ ಎಲ್ಲಿದ್ದಾನೆ, ಹುಡುಕು" ಎಂದು ಬಿಟ್ಟುಬಿಡಿ. "ರಾಯೋ ಅಸೋಕೋ" ಎಂದು ಹೆಸರು ಕೊರೆದ ಅಶೋಕನ ಶಿಲ್ಪವೂ ಅಲ್ಲೇ ಸಿಕ್ಕಿತು. ಕಲ್ಲು ಕಾದಿರುತ್ತದೆ, ನೆರಳು ಕಮ್ಮಿ. ನವೆಂಬರ್‌ನಿಂದ ಫೆಬ್ರವರಿ ಒಳಗೆ, ಬೆಳಿಗ್ಗೆ ಹೋಗಿ.

ಚಂಪಕ

ಎಲ್ಲರಿಗೂ ಶರಣು. ತಂಬಿಗೆಯ ಪಾಠವನ್ನೂ ವಾದವನ್ನೂ ಬರೆದಿಟ್ಟುಕೊಂಡೆ. ಇನ್ನೊಂದು ಕೇಳುವುದಿದೆ. ಬೇಸಿಗೆ ರಜೆಯಲ್ಲಿ 10 ದಿನದ ಶ್ರಾಮಣೇರ (ಕಿರಿಯ ಭಿಕ್ಷು) ಶಿಬಿರಗಳು ಇರುತ್ತವಲ್ಲ, 9 ವರ್ಷದ ಮಗುವನ್ನು ಕಳಿಸಬಹುದೇ? ಮಧ್ಯಾಹ್ನದ ಮೇಲೆ ಊಟ ಇಲ್ಲ ಅನ್ನುವುದೇ ಚಿಂತೆ.

ಪಾಲಿಪಾಠ

ವಿನಯದಲ್ಲಿ (ಭಿಕ್ಷುಗಳ ನಿಯಮಗ್ರಂಥ) ಇರುವುದನ್ನು ಹೇಳುತ್ತೇನೆ. ಪೂರ್ಣ ಭಿಕ್ಷುವಾಗುವ ಉಪಸಂಪದಾಕ್ಕೆ 20 ವರ್ಷ. ಶ್ರಾಮಣೇರನಾಗುವ ಪಬ್ಬಜ್ಜಾಕ್ಕೆ 15 ಎಂದು ಮೊದಲು ನಿಯಮವಾಯಿತು. ಆಮೇಲೆ ಮನೆಮಂದಿಯನ್ನೆಲ್ಲ ರೋಗದಲ್ಲಿ ಕಳೆದುಕೊಂಡ ಇಬ್ಬರು ಹುಡುಗರಿಗಾಗಿ "ಕಾಗೆ ಓಡಿಸಬಲ್ಲಷ್ಟು ದೊಡ್ಡವನಾದರೆ ಸಾಕು" ಎಂದು ಸಡಿಲವಾಯಿತು. ತಂದೆತಾಯಿಯ ಒಪ್ಪಿಗೆ ಬೇಕೇ ಬೇಕು. ರಾಹುಲನಿಗೆ ಪಬ್ಬಜ್ಜಾ ಆದಾಗ ಅವನ ಅಜ್ಜ ಶುದ್ಧೋದನ ಬಂದು, ಮಕ್ಕಳ ಮೇಲಿನ ಪ್ರೀತಿ ಚರ್ಮ ಸೀಳಿ, ಮಾಂಸ ಸೀಳಿ, ಮೂಳೆ ಸೀಳಿ, ಮಜ್ಜೆಗೆ ತಾಕುತ್ತದೆ ಎಂದು ಹೇಳಿಕೊಂಡ. ಆ ಮುದುಕನ ನೋವಿನಿಂದ ಹುಟ್ಟಿದ ನಿಯಮ ಅದು. ಮಗುವಿನ ಒಪ್ಪಿಗೆಯೂ ಬೇಕು ಎಂದು ನಾನು ಸೇರಿಸುತ್ತೇನೆ. ತಲೆ ಬೋಳಿಸುವ ವಿಷಯ ಮೊದಲೇ ಹೇಳಿ, ಅಲ್ಲಿ ಹೋದಮೇಲೆ ಕತ್ತರಿ ಕಂಡು ಅಳುವ ಹಾಗಾಗಬಾರದು.

ಊಟ: ಮಧ್ಯಾಹ್ನದ ನಂತರ ಗಟ್ಟಿ ಆಹಾರ ಇಲ್ಲ, ಆದರೆ ಸೋಸಿದ ಹಣ್ಣಿನ ಪಾನಕಕ್ಕೆ ಅನುಮತಿ ಇದೆ: ಮಾವು, ನೇರಳೆ, ಬಾಳೆ, ದ್ರಾಕ್ಷಿ ಮುಂತಾದ 8 ಬಗೆ. ಕಾಯಿಲೆಯವರಿಗೆ ಬೆಲ್ಲ, ಆರೋಗ್ಯವಾಗಿರುವವರಿಗೆ ಬೆಲ್ಲದ ನೀರು ("ಗುಳೋದಕ") ಎಂದೂ ವಿನಯದಲ್ಲೇ ಇದೆ. ಸಂಜೆ 4ಕ್ಕೂ 7ಕ್ಕೂ ಒಂದೊಂದು ಲೋಟ ಬೆಲ್ಲದ ಪಾನಕ ಕೊಟ್ಟರೆ ಹೆಚ್ಚಿನ ಮಕ್ಕಳು ತಡೆಯುತ್ತಾರೆ. ತಡೆಯದಿದ್ದರೆ ಊಟ ಕೊಟ್ಟು, ಆ ಒಂದು ಶೀಲವನ್ನು ಬಿಟ್ಟು ಉಳಿದದ್ದು ಪಾಲಿಸಲಿ. ಹಸಿದು ಅಳುತ್ತಾ ಮಲಗುವ ಮಗು ಯಾವ ವೈರಾಗ್ಯವನ್ನೂ ಕಲಿಯುವುದಿಲ್ಲ. ಸಕ್ಕರೆ ಕಾಯಿಲೆ ಇರುವ ಮಕ್ಕಳನ್ನು ಈ ನಿಯಮಕ್ಕೆ ಒಡ್ಡಲೇಬೇಡಿ.

ಶಾಲೆಮೇಷ್ಟ್ರು

ಕಳಿಸುವ ಮುಂಚೆ ಶಿಬಿರದವರನ್ನು ಕೇಳಿ: ರಾತ್ರಿ ಮಕ್ಕಳು ಎಲ್ಲಿ ಮಲಗುತ್ತಾರೆ, ಜೊತೆಗೆ ಎಷ್ಟು ಜನ ದೊಡ್ಡವರು, ಒಬ್ಬರೇ ಒಬ್ಬ ದೊಡ್ಡವರ ಜೊತೆ ಮಗು ಒಂಟಿಯಾಗಿ ಇರುವ ಸಂದರ್ಭ ಬರುತ್ತದೆಯೇ, ದಿನಕ್ಕೊಮ್ಮೆ ಮನೆಗೆ ಫೋನ್ ಇದೆಯೇ, ನಡುವೆ ವಾಪಸ್ ಕರೆತರಬಹುದೇ. ಕೇಳಿದ್ದಕ್ಕೆ ಮುನಿಸಿಕೊಳ್ಳುವ ಶಿಬಿರ ಬೇಡ. ನಮ್ಮ ಶ್ರದ್ಧೆಗೆ ಇದರಿಂದ ಯಾವ ಕುಂದೂ ಇಲ್ಲ.

ರಜೆ ಮುಗಿದು ಶಾಲೆ ಶುರುವಾಗುವುದಕ್ಕೆ 3 ವಾರ ಮೊದಲೇ ಶಿಬಿರ ಮುಗಿಯುವಂತೆ ನೋಡಿ, ಕೂದಲು ಸ್ವಲ್ಪ ಬರಲಿ. ತರಗತಿಯಲ್ಲಿ ಹೆಸರಿಟ್ಟು ಕರೆದರೆ 10 ದಿನ ಕಲಿತದ್ದೆಲ್ಲ ನಾಚಿಕೆಯಾಗಿ ಉಳಿದುಬಿಡುತ್ತದೆ.

ಶಾಲೆಯ ಮಾತಿಗೇ ಇನ್ನೊಂದು: ದಾಖಲಾತಿ ಅರ್ಜಿಯಲ್ಲಿ ಧರ್ಮದ ಕಾಲಂನಲ್ಲಿ "ಬೌದ್ಧ" ಎಂದು ಬರೆಸಿದರೆ ಪರಿಶಿಷ್ಟ ಜಾತಿ ಸೌಲಭ್ಯ ಹೋಗುತ್ತದೆ ಎಂದು ಹೆದರುವವರಿದ್ದಾರೆ. 1990ರ ತಿದ್ದುಪಡಿಯಿಂದ ಬೌದ್ಧರಾದ ಪರಿಶಿಷ್ಟರಿಗೂ ಆ ಸ್ಥಾನ ಇದೆ. ಧರ್ಮದ ಕಾಲಂನಲ್ಲಿ ಬೌದ್ಧ, ಜಾತಿಯ ಕಾಲಂನಲ್ಲಿ ಪ್ರಮಾಣಪತ್ರದಲ್ಲಿರುವ ಜಾತಿಯ ಹೆಸರು. ಎರಡೂ ಕಡೆ "ಬೌದ್ಧ" ಎಂದೇ ಬರೆದಾಗ ಮುಂದೆ ತೊಡಕಾಗುತ್ತದೆ, 1ನೇ ತರಗತಿಯಲ್ಲೇ ಸರಿ ಮಾಡಿಸಿಕೊಳ್ಳಿ.

ಉಸಿರು

ಐದನೇ ಶೀಲದ ಬಗ್ಗೆ ಒಂದು ಪ್ರಶ್ನೆ. "ಪಮಾದಟ್ಠಾನಾ" ಅಂದರೆ ಮೈಮರೆವಿಗೆ ಎಡೆಯಾದದ್ದು ಅಂತ ತಾನೆ? ಮೊಬೈಲನ್ನೂ ಅದಕ್ಕೇ ಸೇರಿಸಿ ಹೇಳುವುದು ಸರಿಯಲ್ಲವೇ?

ಪಾಲಿಪಾಠ

ಮಾತು ಇರುವುದು "ಸುರಾಮೇರಯಮಜ್ಜ" ಎಂದು, ಅಂದರೆ ಮದ್ಯ, ಅಮಲು. ಮೊಬೈಲ್ ನೋಡಿದ್ದಕ್ಕೆ ಐದನೇ ಶೀಲ ತಪ್ಪಿತು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಇಲ್ಲದ್ದನ್ನು ಬುದ್ಧನ ಬಾಯಿಗೆ ತುರುಕಿದರೆ ಮಗು ದೊಡ್ಡದಾಗಿ ಮೂಲ ಓದಿದ ದಿನ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಮೊಬೈಲಿಗೆ ಕನ್ನಡಿಯ ಪ್ರಶ್ನೆ ಸಾಕು: ನೋಡುವ ಮುಂಚೆ ಹೇಗಿದ್ದೆ, ನೋಡುವಾಗ ಹೇಗಿದ್ದೆ, ಇಟ್ಟಮೇಲೆ ಹೇಗಿದ್ದೀ?

ಚಂಪಕ

ಕೊನೆಯದಾಗಿ ಕ್ರಮದ ಪ್ರಶ್ನೆ ಉಳಿಯಿತು. ಪಂಚಶೀಲ ಆದಮೇಲೆ ಯಾವುದು?

ಪಾಲಿಪಾಠ

ಖುದ್ದಕಪಾಠ. ತಿಪಿಟಕದ ತೀರಾ ಪುಟ್ಟ ಪುಸ್ತಕ, 9 ಪಾಠ. ಅದರ ಜೋಡಣೆಯೇ ಮಕ್ಕಳಿಗೆ ಬರೆದ ಪಠ್ಯದ ಹಾಗಿದೆ: ಸರಣ, ಹತ್ತು ಶೀಲ, ದೇಹದ 32 ಭಾಗ, ಹುಡುಗನ ಪ್ರಶ್ನೆಗಳು, ಮಂಗಲ ಸುತ್ತ, ರತನ ಸುತ್ತ, ತಿರೋಕುಡ್ಡ, ನಿಧಿಕಂಡ, ಮೆತ್ತ ಸುತ್ತ. ನೀವು ನಾಲ್ಕನೆಯದಕ್ಕೆ ಹೋಗಿ, "ಕುಮಾರಪಞ್ಹ". ಅಟ್ಠಕಥೆಯ ಪ್ರಕಾರ 7 ವರ್ಷದ ಸೋಪಾಕನಿಗೆ ಬುದ್ಧ ಕೇಳಿದ 10 ಪ್ರಶ್ನೆಗಳು. ಒಂದು ಅಂದರೇನು? ಎಲ್ಲ ಜೀವಿಗಳೂ ಆಹಾರದಿಂದ ನಿಂತಿವೆ. ಎರಡು? ನಾಮ (ಮನಸ್ಸು), ರೂಪ (ದೇಹ). ಮೂರು? ಮೂರು ವೇದನೆ (ನೋವಲ್ಲ, ಅನುಭವ). ನಾಲ್ಕು ಆರ್ಯಸತ್ಯ, ಐದು ಉಪಾದಾನ ಖಂಧ ("ನಾನು" ಎಂದು ಅಂಟಿಕೊಳ್ಳುವ ಕಂತೆಗಳು), ಆರು ಇಂದ್ರಿಯ ನೆಲೆ, ಏಳು ಬೋಜ್ಝಂಗ (ಅರಿವಿನ ಅಂಗಗಳು), ಎಂಟು ಅಷ್ಟಾಂಗ ಮಾರ್ಗ. ಒಂಬತ್ತು, ಹತ್ತನ್ನು ಈಗ ಹೆಸರು ಹೇಳಿ ಬಿಟ್ಟುಬಿಡಿ. ತಿಂಗಳಿಗೆ ಒಂದು ಅಂಕಿ ಸಾಕು. 5 ವರ್ಷದ ಮಗು ಒಂದು, ಎರಡು, ಮೂರರಲ್ಲೇ ಇರಲಿ. ಮೂರಂತೂ ಅದಕ್ಕೆ ಈಗಲೇ ಗೊತ್ತು: ಹಿತ, ಅಹಿತ, ಎರಡೂ ಅಲ್ಲದ್ದು. ಹೆಸರಿಡುವುದಷ್ಟೇ ಬಾಕಿ.

ಚಂಪಕ

"ಒಂದು" ಅದಕ್ಕೆ ಹೇಗೆ ಹೇಳಲಿ? ಆಹಾರದಿಂದ ನಿಂತಿವೆ ಅಂದರೆ ಐದು ವರ್ಷಕ್ಕೆ...

ಭೀಮಾತೀರ

ಅಕ್ಕಾ, ಊಟಕ್ಕ ಕೂತಾಗ ಕೇಳ್ರಿ, "ಏಕಂ ನಾಮ ಕಿಂ?" (ಒಂದು ಅಂದ್ರ ಏನು?) ಅಂತ. ತಾಟಿನ್ಯಾಗಿನ ರೊಟ್ಟಿ ತೋರಸ್ರಿ. ನಾವು ಇದನ್ನ ತಿಂತೀವಿ. ಜ್ವಾಳಾ ಏನ ತಿಂತು? ಮಣ್ಣು, ನೀರು, ಬಿಸಲು. ಕೆಳಗ ಬಿದ್ದ ತುಣುಕಿಗೆ ಯಾರ ಬಂದ್ರು? ಇರಿವಿ. ಇರಿವಿಗೂ ಹಸಿವಿ ಅದ, ನಿನಗೂ ಅದ. ಅಷ್ಟ ಹೇಳಿ ಬಿಡ್ರಿ, ಕೂಸು ಇರಿವಿ ಎಲ್ಲಿ ಹೊಂಟದ ನೋಡ್ಲಿ.